ಹಳೆಯ ಕೇಪಿನ ಕೋವಿ: ತಪ್ಪು ಕಲ್ಪನೆ ಮತ್ತು ಸತ್ಯ

ನಳಿಗೆಯ ಬಾಯಿಂದಲೇ ಕರಿಮದ್ದು ಮತ್ತು ಚರೆ ಅಥವಾ ಗುಂಡನ್ನು ತುಂಬಿ, ಗಜದಿಂದ ಜಡಿದು, ಹಿಂಬದಿಯ ಪುಟ್ಟ ಕೊಳವೆಯ ಮೇಲೆ ಕೇಪು ಕೂರಿಸಿ ಹಾರಿಸುವ ಬಂದೂಕು ಕೇಪಿನ ಕೋವಿ. ಕುದುರೆ ಬಡಿದಾಗ ಕೇಪು ಸಿಡಿದು ಒಳಗಿನ ಮದ್ದಿಗೆ ಕಿಡಿ ತಗುಲುತ್ತದೆ. ಹಿಂದಿನಿಂದ ತೋಟಾ ತುಂಬುವ ಬಂದೂಕುಗಳು ಬಂದ ಮೇಲೆ ಸೈನ್ಯಗಳು ಇದನ್ನು ಕೈಬಿಟ್ಟವು, ಹಳ್ಳಿಗಳು ಬಿಡಲಿಲ್ಲ. ತಮಿಳುನಾಡಿನ ಹೊಸೂರಿನಾಚೆ, ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಜವಳಗಿರಿಯ ಕಡೆ ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟದ ಕಾಡಿನಿಂದ ಆನೆಗಳು ಇಳಿದು ಬರುತ್ತವೆ, ಹಂದಿಗಳಂತೂ ವರ್ಷವಿಡೀ ಹೊಲಕ್ಕೆ ನುಗ್ಗುತ್ತವೆ. ಬಳಸಿದ ಕೋವಿಯೊಂದನ್ನು ಕಡಿಮೆ ಬೆಲೆಗೆ ಕೊಳ್ಳುವ ಯೋಚನೆ ಹುಟ್ಟುವುದು ಇಂಥ ಊರುಗಳಲ್ಲೇ. ಆ ಯೋಚನೆಯ ಸುತ್ತ ಕಾನೂನಿನ ಬಗ್ಗೆಯೂ ಕೋವಿಯ ಬಗ್ಗೆಯೂ ಹಲವು ತಪ್ಪು ನಂಬಿಕೆಗಳು ಬೆಳೆದಿವೆ.

ತಪ್ಪು ಕಲ್ಪನೆ: ಕೋವಿ ಹಳೆಯದಾದರೆ ಲೈಸೆನ್ಸ್ ಬೇಡ.

ಸತ್ಯ: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸ್ಫೋಟಕದ ಬಲದಿಂದ ಗುಂಡು ಚಿಮ್ಮಿಸುವ ಯಾವ ಸಾಧನವಾದರೂ ಬಂದೂಕೇ. ಅದು ನಿನ್ನೆಯದೋ ನೂರು ವರ್ಷದ್ದೋ ಎಂಬ ಭೇದವಿಲ್ಲ. ಕಾಯ್ದೆಯ 45ನೇ ಕಲಂ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ. ಆದರೆ ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಕೆಲಸ ಮಾಡುವಂತಿರಬಾರದು ಎಂಬ ಷರತ್ತು ಅಲ್ಲಿಯೇ ಇದೆ. ಕೊಳವೆ ಸವೆದ, ಕುದುರೆ ಮುರಿದ ಕೋವಿಯನ್ನು ಸರಿಪಡಿಸಬಹುದಾದ್ದರಿಂದ ಅದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ ಜೈಲು ಮತ್ತು ದಂಡ.

ಇಂಟರ್ನೆಟ್‌ನಲ್ಲಿ ಸಿಗುವ ವಿಡಿಯೊಗಳು ಈ ಗೊಂದಲವನ್ನು ಹೆಚ್ಚಿಸಿವೆ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯಲ್ಲಿ 1898ರ ತನಕ ತಯಾರಾದ ಬಂದೂಕುಗಳಿಗೂ ಕರಿಮದ್ದಿನ ಹೆಚ್ಚಿನ ಬಾಯಿಭರ್ತಿ ಕೋವಿಗಳಿಗೂ ಸಡಿಲಿಕೆ ಇದೆ. ಆ ಸಡಿಲಿಕೆ ಭಾರತದಲ್ಲಿಲ್ಲ.

ತಪ್ಪು ಕಲ್ಪನೆ: ಕೊಡಗಿನವರಿಗೆ ಲೈಸೆನ್ಸ್ ಬೇಕಿಲ್ಲ, ಅಲ್ಲಿಂದ ತಂದ ಕೋವಿಗೂ ಬೇಕಾಗುವುದಿಲ್ಲ.

ಸತ್ಯ: ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಈ ವಿನಾಯಿತಿ ಇರುವುದು ವ್ಯಕ್ತಿಗಳಿಗೆ, ಕೋವಿಗಲ್ಲ. ಹೊಸೂರಿನವರ ಕೈಗೆ ಬಂದ ಕ್ಷಣದಿಂದ ಅದೇ ಕೋವಿ ಸಾಮಾನ್ಯ ಕಾಯ್ದೆಗೆ ಒಳಪಡುತ್ತದೆ.

ತಪ್ಪು ಕಲ್ಪನೆ: ಮಾರುವವರ ಬಳಿ ಲೈಸೆನ್ಸ್ ಇದ್ದರೆ ಸಾಕು, ಅಪ್ಪನ ಕೋವಿ ತಾನಾಗಿಯೇ ಮಗನದಾಗುತ್ತದೆ.

ಸತ್ಯ: ಲೈಸೆನ್ಸ್ ಕೈ ಬದಲಾಗುವುದಿಲ್ಲ. ಕೊಳ್ಳುವವರಿಗೆ 21 ವರ್ಷ ತುಂಬಿರಬೇಕು, ಅವರ ಹೆಸರಿನಲ್ಲೇ ಲೈಸೆನ್ಸ್ ಇರಬೇಕು. ಖಾಸಗಿಯಾಗಿ ಮಾರುವವರು ಕೊಳ್ಳುವವರ ಹೆಸರು, ವಿಳಾಸ ಬರೆದು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಮುಂಚಿತವಾಗಿ ತಿಳಿಸಬೇಕು. 45 ದಿನ ಕಳೆದ ಮೇಲೆಯೇ ಕೋವಿ ಕೊಡಬಹುದು. ಲೈಸೆನ್ಸ್‌ದಾರರು ತೀರಿಕೊಂಡರೆ ಕೋವಿಯನ್ನು ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಟ್ಟು, ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ಕೋವಿಯ ಮೇಲಿನ ಸಂಖ್ಯೆ ಲೈಸೆನ್ಸ್ ಪುಸ್ತಕದ ಸಂಖ್ಯೆಗೆ ತಾಳೆಯಾಗುತ್ತದೆಯೇ, ಪುಸ್ತಕದಲ್ಲಿ ಬರೆದಿರುವ ವ್ಯಾಪ್ತಿ ಎಲ್ಲಿಯ ತನಕ ಇದೆ ಎಂಬುದನ್ನು ಮೊದಲೇ ನೋಡಬೇಕು. ಕರ್ನಾಟಕದ ಆನೇಕಲ್, ಕನಕಪುರದ ಕಡೆ ನಂಟರಿರುವ ಗಡಿಯ ಕುಟುಂಬಗಳಿಗೆ ಈ ವ್ಯಾಪ್ತಿಯ ಪ್ರಶ್ನೆ ಮುಖ್ಯ.

ತಪ್ಪು ಕಲ್ಪನೆ: ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಹೊಲಕ್ಕೆ ಬಂದ ಪ್ರಾಣಿಯನ್ನು ಹೊಡೆಯಲು ಕೊಟ್ಟ ಅನುಮತಿ.

ಸತ್ಯ: ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಬಾಯಿಭರ್ತಿ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ಕೋವಿ ಇಟ್ಟುಕೊಳ್ಳುವ ಹಕ್ಕು ಒಂದು, ಪ್ರಾಣಿಯನ್ನು ಕೊಲ್ಲುವ ಹಕ್ಕು ಇನ್ನೊಂದು. ಎರಡನೆಯದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿರ್ಧರಿಸುತ್ತದೆ. ಅದರಲ್ಲಿ ಬೇಟೆಯ ಪ್ರಯತ್ನವೂ ಬೇಟೆಯೇ. ಆನೆ ಆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಯ ಪ್ರಾಣಿ. ಹಂದಿಯ ವಿಷಯದಲ್ಲಿ ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಹೊಡೆಯಲು ಅವಕಾಶ ಕೊಡುವ ಆದೇಶ ಹೊರಡಿಸಿದ್ದರೂ, ಕಾಯ್ದಿಟ್ಟ ಅರಣ್ಯದಿಂದ ಒಂದು ಕಿ.ಮೀ. ಒಳಗೆ ಹೊಡೆಯುವಂತಿಲ್ಲ, ಒಂದರಿಂದ ಮೂರು ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು. ಮೂರು ಕಿ.ಮೀ. ಆಚೆ ಗುಂಡು ಹಾರಿಸುವ ಕೆಲಸವೂ ಅರಣ್ಯ ಇಲಾಖೆಯದು, ರೈತರದಲ್ಲ.

ವನ್ಯಜೀವಿ ಕಾಯ್ದೆಯ 34ನೇ ಕಲಂ ಇನ್ನೊಂದು ಕಟ್ಟುಪಾಡನ್ನು ಸೇರಿಸುತ್ತದೆ. ವನ್ಯಜೀವಿಧಾಮದಿಂದ ಹತ್ತು ಕಿ.ಮೀ. ಒಳಗೆ ವಾಸಿಸುವ ಲೈಸೆನ್ಸ್‌ದಾರರು ತಮ್ಮ ಆಯುಧವನ್ನು ವನ್ಯಜೀವಿ ಅಧಿಕಾರಿಗಳ ಬಳಿ ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯಿಲ್ಲದೆ ಅಲ್ಲಿ ಹೊಸ ಲೈಸೆನ್ಸ್ ಕೊಡುವಂತಿಲ್ಲ. ಈ ಸೀಮೆಯಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ 2014ರಲ್ಲೂ ಕಾವೇರಿ ದಕ್ಷಿಣ ವನ್ಯಜೀವಿಧಾಮ 2022ರಲ್ಲೂ ಘೋಷಣೆಯಾಗಿವೆ. ಕಾಡಂಚಿನ ಬಹಳಷ್ಟು ಹಳ್ಳಿಗಳು ಈ ಹತ್ತು ಕಿ.ಮೀ. ಒಳಗೆ ಬರುತ್ತವೆ.

ತಪ್ಪು ಕಲ್ಪನೆ: ಮದ್ದಿನ ಕೋವಿಗಳೆಲ್ಲ ರೈಫಲ್‌ಗಳೇ.

ಸತ್ಯ: ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದಿದ್ದರೆ ಮಾತ್ರ ಅದು ರೈಫಲ್. ಆ ಗೆರೆ ಗುಂಡನ್ನು ತಿರುಗಿಸಿ ನೇರವಾಗಿ ಸಾಗಿಸುತ್ತದೆ. 1853ರ ಎನ್‌ಫೀಲ್ಡ್ ಅಂಥದ್ದು. 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳ ಕೈಗೆ ಗೆರೆಯಿಲ್ಲದ ನಳಿಗೆಯ ಬಂದೂಕು ಕೊಟ್ಟದ್ದು ಅವರ ಗುರಿಯ ದೂರ ಕುಗ್ಗಲೆಂದೇ. ಹಳ್ಳಿಗಳಲ್ಲಿ ಸಿಗುವ ನಾಡಕೋವಿಗಳು ಸಾಮಾನ್ಯವಾಗಿ ಗೆರೆಯಿಲ್ಲದವು. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಆತ್ಮರಕ್ಷಣೆಗೂ ಕ್ರೀಡೆಗೂ ಹೇಳುವುದು ಕನಿಷ್ಠ 20 ಅಂಗುಲ ಉದ್ದದ ನುಣುಪು ನಳಿಗೆಯ ಬಂದೂಕನ್ನು. ಆದ್ದರಿಂದ ಅರ್ಜಿ ಹಾಕುವ ಮೊದಲು ನಳಿಗೆ ಯಾವ ಬಗೆಯದೆಂದು ತಿಳಿದಿರಬೇಕು.

ತಪ್ಪು ಕಲ್ಪನೆ: ಮದ್ದು ಹೆಚ್ಚು ಹಾಕಿದಷ್ಟೂ ಈಡು ದೂರ ಹೋಗುತ್ತದೆ.

ಸತ್ಯ: ಒಂದು ಮಿತಿಯಾಚೆ ಹೆಚ್ಚುವುದು ನಳಿಗೆಯೊಳಗಿನ ಒತ್ತಡ ಮತ್ತು ಭುಜದ ಮೇಲಿನ ಏಟು. ಗುಂಡು ಮದ್ದಿನ ಮೇಲೆ ಬಿಗಿಯಾಗಿ ಕೂರದೆ ನಡುವೆ ಜಾಗ ಉಳಿದರೂ ನಳಿಗೆ ಒಡೆಯಬಹುದು. ಈಗಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದು ಕರಿಮದ್ದಿಗಿಂತ ಬಹಳ ಹೆಚ್ಚಿನ ಒತ್ತಡ ಹುಟ್ಟಿಸುತ್ತದೆ. ಹಳೆಯ ನಳಿಗೆಗೆ ಅದನ್ನು ಹಾಕಿದರೆ ಕೋವಿ ಹಿಡಿದವರ ಕೈ, ಕಣ್ಣು ಹೋಗಬಹುದು. ಕಾರ್ಖಾನೆಯ ಪರೀಕ್ಷಾ ಮುದ್ರೆಯಿಲ್ಲದ, ಸಾಮಾನ್ಯ ಕೊಳವೆಯಿಂದ ಮಾಡಿದ ನಾಡಕೋವಿಗೆ ಸುರಕ್ಷಿತ ಅಳತೆ ಎಂಬುದೇ ಇಲ್ಲ. ಮದ್ದನ್ನು ಮನೆಯಲ್ಲಿ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಬೇರೆಯೇ ಅಪರಾಧ.

ತಪ್ಪು ಕಲ್ಪನೆ: ಹೊರಗೆ ಹೊಳೆಯುವ ನಳಿಗೆ ಒಳಗೂ ಚೆನ್ನಾಗಿರುತ್ತದೆ, ನೀರು ತಾಗಿಸದೆ ಎಣ್ಣೆ ಹಚ್ಚಿಟ್ಟರೆ ಸಾಕು.

ಸತ್ಯ: ಕರಿಮದ್ದು ಉರಿದ ಮೇಲೆ ಉಳಿಯುವ ಲವಣಗಳು ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಎಣ್ಣೆಗೆ ಅವು ಕರಗುವುದಿಲ್ಲ, ನೀರಿಗೆ ಕರಗುತ್ತವೆ. ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರುವುದೇ ಸರಿಯಾದ ಕ್ರಮ. ಹಾಗೆ ಮಾಡದೆ ವರ್ಷಗಟ್ಟಲೆ ಬಿಟ್ಟ ಕೋವಿಯ ಒಳಗೆ, ಅದರಲ್ಲೂ ಮದ್ದು ಕೂರುವ ಬುಡದಲ್ಲಿ, ಗುಳಿ ಬಿದ್ದಿರುತ್ತದೆ. ಕೊಳ್ಳುವ ಮೊದಲು ಪರವಾನಗಿ ಇರುವ ಬಂದೂಕು ರಿಪೇರಿಯವರಿಂದ ನಳಿಗೆ, ಕೊಳವೆ, ಕುದುರೆ ಪರೀಕ್ಷೆ ಮಾಡಿಸಬೇಕು. ಪರವಾನಗಿಯಿಲ್ಲದೆ ಬಂದೂಕು ದುರಸ್ತಿ ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಅಪರಾಧವಾದ್ದರಿಂದ ಊರ ಕಮ್ಮಾರರು ಅದನ್ನು ಮುಟ್ಟುವಂತಿಲ್ಲ.

ತಪ್ಪು ಕಲ್ಪನೆ: ಕೇಪು ಇಲ್ಲದ ಕೋವಿ ಖಾಲಿ, ಹಳೆಯ ಮದ್ದು ಸತ್ತಿರುತ್ತದೆ.

ಸತ್ಯ: ಕೇಪು ತೆಗೆದ ಮಾತ್ರಕ್ಕೆ ಒಳಗಿನ ಈಡು ಹೋಗುವುದಿಲ್ಲ. ಒಣಗಿರುವ ಕರಿಮದ್ದು ತಲೆಮಾರುಗಳ ನಂತರವೂ ಉರಿಯುತ್ತದೆ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಆ ಕಾಲದ ಫಿರಂಗಿ ಗುಂಡೊಂದು 2008ರಲ್ಲಿ ವರ್ಜೀನಿಯಾದಲ್ಲಿ ಸಿಡಿದು ಸಂಗ್ರಾಹಕರೊಬ್ಬರ ಪ್ರಾಣ ತೆಗೆಯಿತು. ಅಟ್ಟದಲ್ಲಿ ಸಿಕ್ಕ ಕೋವಿಯನ್ನು ತುಂಬಿದೆ ಎಂದೇ ತಿಳಿಯಬೇಕು. ಗಜವನ್ನು ನಳಿಗೆಗೆ ಇಳಿಸಿದಾಗ ಅದು ಬುಡ ಮುಟ್ಟದೆ ಮೇಲೆಯೇ ನಿಂತರೆ ಒಳಗೆ ಈಡು ಇದೆ ಎಂದರ್ಥ. ಅದನ್ನು ತೆಗೆಯುವುದು ತಿಳಿದವರ ಕೆಲಸ. ಕುದುರೆ ಬಡಿದೂ ಹಾರದಿದ್ದರೆ ಬಾಯಿಯನ್ನು ಜನರಿಲ್ಲದ ಕಡೆಗೇ ಹಿಡಿದು ಕಾಯಬೇಕು. ಕಿಡಿ ತಡವಾಗಿ ಮದ್ದಿಗೆ ತಗುಲುವುದುಂಟು.

ತಪ್ಪು ಕಲ್ಪನೆ: ಲೈಸೆನ್ಸ್ ಇಲ್ಲದ ಕೋವಿಯನ್ನು ಒಪ್ಪಿಸಲು ಹೋದರೆ ಜೈಲು ಖಚಿತ, ಕಾಡಿಗೆ ಎಸೆಯುವುದೇ ಮೇಲು.

ಸತ್ಯ: ಎಸೆದ ಕೋವಿ ಮಕ್ಕಳ ಕೈಗೋ ಕಳ್ಳಬೇಟೆಗಾರರ ಕೈಗೋ ಸಿಗುತ್ತದೆ. ಕೃಷ್ಣಗಿರಿ ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಅರಣ್ಯ ಇಲಾಖೆ ಮತ್ತು ಪೊಲೀಸರು ನಾಡಕೋವಿಗಳನ್ನು ತಾವಾಗಿ ಒಪ್ಪಿಸುವಂತೆ ಕರೆ ಕೊಟ್ಟು, ಹಾಗೆ ಒಪ್ಪಿಸಿದವರ ಮೇಲೆ ಕ್ರಮವಿಲ್ಲವೆಂದು ಹೇಳಿದ ಸಂದರ್ಭಗಳಿವೆ. ಅಂಥ ಕರೆ ಜಾರಿಯಲ್ಲಿದೆಯೇ ಎಂದು ವಕೀಲರ ಅಥವಾ ಊರ ಹಿರಿಯರ ಮೂಲಕ ಮೊದಲು ವಿಚಾರಿಸಿ, ಅವರ ಸಮ್ಮುಖದಲ್ಲಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಪಡೆಯುವುದು ಕ್ಷೇಮ. ಕೋವಿ ಬೇಕೇಬೇಕು ಎನ್ನುವವರು ಮೊದಲು ಲೈಸೆನ್ಸ್‌ಗೆ ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೆ ಕೋವಿ ಹುಡುಕಬೇಕು.