ಹಿತ್ತಲ ಕೋಳಿಯ ಉದರಬಾಧೆ

ಹೈದರಾಬಾದಿನಿಂದ ಪಶ್ಚಿಮಾಭಿಮುಖವಾಗಿ ಹೊರಟು ಸಂಗಾರೆಡ್ಡಿ, ಜಹೀರಾಬಾದುಗಳನ್ನು ಹಾದು ಕನ್ನಡನಾಡಿನ ಹುಮನಾಬಾದಿನತ್ತ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ನಗರದ ಗದ್ದಲವು ಪೂರ್ತಿಯಾಗಿ ಹಿಂದುಳಿಯುವ ಮುನ್ನವೇ ಎದುರಾಗುವ ಊರು ಪಟಾನ್‌ಚೆರು. ಒಂದೆಡೆ ಔಷಧ ತಯಾರಿಕೆಯ ಕಾರ್ಖಾನೆಗಳು, ಇನ್ನೊಂದೆಡೆ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನ ಸಂಸ್ಥೆಯ ವಿಸ್ತಾರವಾದ ಹೊಲಗಳು; ಇವೆರಡರಿಂದಲೇ ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದಿರುವುದು. ಆದರೆ ಒಳಗೇರಿಗಳನ್ನು ಹೊಕ್ಕು ನೋಡಿದರೆ, ದುಡಿಮೆಗಾಗಿ ಬೀದರಿನ ಕಡೆಯಿಂದ ಬಂದು ನೆಲಸಿದ ಕನ್ನಡಿಗರ ಮನೆಗಳನ್ನೂ ಒಳಗೊಂಡು, ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿಗಳು ಕೆದಕುತ್ತಿರುವ ಮನೆಗಳು ಇಂದಿಗೂ ಉಂಟು. ಇಂತಹ ಒಂದು ಹೇಂಟೆಯ ಹೊಟ್ಟೆ ಕೆಟ್ಟಾಗ ಮನೆಯವರು ಏನನ್ನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನನ್ನು ಮಾಡಕೂಡದು ಎಂಬುದೇ ಪ್ರಕೃತ ವಿಷಯ. ಮೇಲೆ ಹೇಳಿದ ಕಾರ್ಖಾನೆಗಳಿಗೂ ಹೊಲಗಳಿಗೂ ಈ ವಿಷಯದೊಡನೆ ಇರುವ ನಂಟು ಮುಂದೆ ತಾನಾಗಿ ತಿಳಿದುಬರುವುದು.

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕೊರಳ ಬುಡದಲ್ಲಿ, ಎದೆಯ ಬಲಮಗ್ಗುಲಿಗೆ ಇರುವ ಮೇವಿನ ಚೀಲದಲ್ಲಿ ತಂಗಿ ನೆನೆಯುತ್ತದೆ. ಅಲ್ಲಿಂದ ಜೀರ್ಣರಸಗಳನ್ನು ಸ್ರವಿಸುವ ಗ್ರಂಥಿಜಠರವನ್ನು ದಾಟಿ, ಮಾಂಸದಂಗಡಿಯಲ್ಲಿ ತೆಲುಗರು ಕಂದನಕಾಯ ಎಂದು ಕೇಳಿ ಕೊಳ್ಳುವ ಬಲಿಷ್ಠವಾದ ಸ್ನಾಯುಜಠರವನ್ನು ಸೇರುತ್ತದೆ. ಕೋಳಿಯು ಹಿತ್ತಲಲ್ಲಿ ಹೆಕ್ಕಿ ನುಂಗಿದ ಸಣ್ಣ ಹರಳುಗಳು ಈ ಎರಡನೆಯ ಜಠರದಲ್ಲಿ ಉಳಿದು, ಬೀಸುಕಲ್ಲಿನಂತೆ ಕಾಳನ್ನು ಅರೆಯುತ್ತವೆ. ಸಿಮೆಂಟು ಹಾಸಿದ ಅಂಗಳದಲ್ಲಿ ಬೆಳೆಯುವ ಕೋಳಿಗೆ ಈ ಹರಳು ದೊರೆಯದೆ, ಇಡಿಯ ಕಾಳು ಜೀರ್ಣವಾಗದೆ ಹೊರಬೀಳುವುದನ್ನು ಕಂಡು ರೋಗವೆಂದು ಗಾಬರಿಗೊಳ್ಳುವವರು ಅನೇಕರು. ಒಂದು ಹಿಡಿ ದಪ್ಪ ಮರಳನ್ನು ಬಟ್ಟಲಲ್ಲಿಟ್ಟರೆ ಆ ತೊಂದರೆಗೆ ಬೇರೆ ಔಷಧ ಬೇಕಾಗದು.

ಮಾತನಾಡಲಾರದ ಈ ಪಕ್ಷಿಯ ಒಡಲಿನ ಸಮಾಚಾರವನ್ನು ನಮಗೆ ತಿಳಿಸುವುದು ಅದರ ಹಿಕ್ಕೆ. ಅಸಹ್ಯವೆಂದು ಮೂಗು ಮುರಿಯದೆ ಪ್ರತಿದಿನ ಬೆಳಗ್ಗೆ ಗೂಡಿನ ನೆಲವನ್ನು ನೋಡುವ ಅಭ್ಯಾಸವುಳ್ಳವನಿಗೆ, ವೈದ್ಯನಿಗೂ ಮುಂಚೆ ಅರ್ಧ ರೋಗನಿದಾನ ಸಿದ್ಧಿಸಿರುತ್ತದೆ. ಆರೋಗ್ಯವಾದ ಹಿಕ್ಕೆ ಕಂದು ಅಥವಾ ಹಸಿರುಗಂದು ಬಣ್ಣದ ಮುದ್ದೆಯಾಗಿದ್ದು ಅದರ ತಲೆಯ ಮೇಲೆ ಬೆಳ್ಳಗಿನ ಲೇಪವಿರುತ್ತದೆ. ಕೋಳಿಯು ಪ್ರತ್ಯೇಕವಾಗಿ ಮೂತ್ರ ವಿಸರ್ಜಿಸದು, ಮೂತ್ರಪಿಂಡಗಳ ಕಶ್ಮಲವೇ ಆ ಬಿಳುಪು. ದಿನಕ್ಕೆ ಕೆಲವು ಬಾರಿ ಅಂಟಂಟಾದ, ದುರ್ಗಂಧದ, ಗಾಢ ಕಂದು ಬಣ್ಣದ ಹಿಕ್ಕೆಯೂ ಬೀಳುವುದುಂಟು. ಕರುಳಿನ ಕೊನೆಗೆ ಹೊಂದಿಕೊಂಡಿರುವ ಎರಡು ಕುರುಡುಗರುಳುಗಳು ಬರಿದಾಗುವ ಬಗೆ ಅದು. ಸ್ವಾಭಾವಿಕವಾದದ್ದೇ ಹೊರತು ಭೇದಿಯಲ್ಲ. ಇನ್ನು ಏಪ್ರಿಲ್–ಮೇ ತಿಂಗಳುಗಳಲ್ಲಿ ಈ ಪ್ರಾಂತದ ಬಿಸಿಲು ನಲವತ್ತು ಡಿಗ್ರಿಯನ್ನು ಮೀರಿದಾಗ, ಬೆವರುಗ್ರಂಥಿಗಳೇ ಇಲ್ಲದ ಕೋಳಿ ಬಾಯ್ದೆರೆದು ಏದುತ್ತ ಎಂದಿಗಿಂತ ಬಹಳ ಹೆಚ್ಚು ನೀರು ಕುಡಿಯುವುದರಿಂದ ಹಿಕ್ಕೆ ನೀರಾಗುವುದು ಸಹಜವೇ ಸರಿ. ಆಗ ಬೇಕಾದದ್ದು ನೆರಳು, ತಂಪಾದ ನೀರು, ಗುಳಿಗೆಯಲ್ಲ.

ರೋಗದ ಲಕ್ಷಣಗಳು ಬೇರೆಯೇ ಇವೆ. ಕೋಳಿ ಗರಿಗೆದರಿ, ಕೊರಳನ್ನು ಒಳಗೆಳೆದುಕೊಂಡು ಮೂಲೆ ಹಿಡಿದು ನಿಂತರೆ, ಜುಟ್ಟು ಮಂಕಾದರೆ, ಬಾಲದ ಕೆಳಗಿನ ಗರಿಗಳು ಮೆತ್ತಿಕೊಂಡರೆ, ಕಾಳು ಚೆಲ್ಲಿದಾಗ ಓಡಿಬಾರದಿದ್ದರೆ, ಅಂದೇ ಅದನ್ನು ಗುಂಪಿನಿಂದ ಬೇರ್ಪಡಿಸಬೇಕು. ಇದರಿಂದ ಸೋಂಕು ಉಳಿದವಕ್ಕೆ ಹರಡದಿರುವುದು ಒಂದು ಲಾಭ; ಅದು ಎಷ್ಟು ತಿಂದಿತು, ಎಷ್ಟು ಕುಡಿಯಿತು, ಹಾಕಿದ ಹಿಕ್ಕೆ ಎಂತಹದು ಎಂಬುದು ಖಚಿತವಾಗಿ ತಿಳಿಯುವುದು ಇನ್ನೂ ದೊಡ್ಡ ಲಾಭ. ತಳಕ್ಕೆ ಹಳೆಯ ವೃತ್ತಪತ್ರಿಕೆ ಹಾಸಿದ ಒಂದು ಬುಟ್ಟಿಯೋ ರಟ್ಟಿನ ಪೆಟ್ಟಿಗೆಯೋ ಸಾಕು. ಕೋಳಿಯ ಮೈಯ ಉಷ್ಣತೆ 41ರಿಂದ 42 ಡಿಗ್ರಿಯಷ್ಟಿರುವುದರಿಂದ, ಮೇವು ಬಿಟ್ಟ ಪಕ್ಷಿ ಚಳಿಗಾಲದ ರಾತ್ರಿಯಲ್ಲಿ ಬೇಗನೆ ಕುಸಿಯುತ್ತದೆ. ಬೆಚ್ಚಗಿನ ಜಾಗ ಅತ್ಯಗತ್ಯ. ಮನುಷ್ಯರಿಗೆ ಕೊಡುವ ಓಆರ್‌ಎಸ್ ಪುಡಿಯನ್ನು ತುಸು ತೆಳುವಾಗಿ ಕದಡಿ ಒಂದೆರಡು ದಿನ ಇಡಬಹುದು, ಪಕ್ಕದಲ್ಲಿ ಬರಿಯ ನೀರೂ ಇರಲಿ. ಉಪ್ಪು ಹೆಚ್ಚಾದರೆ ಕೋಳಿಗೆ ವಿಷವೆಂಬುದನ್ನು ಮರೆಯಬಾರದು. ಕುಡಿಯಲಾರದ ಪಕ್ಷಿಗೆ ಕೊಕ್ಕಿನ ಅಂಚಿನಲ್ಲಿ ಹನಿಹನಿಯಾಗಿ ಸವರಬೇಕೇ ಹೊರತು ಗಂಟಲಿಗೆ ಸುರಿಯಕೂಡದು. ನಾಲಗೆಯ ಬುಡದಲ್ಲೇ ಶ್ವಾಸನಾಳದ ದ್ವಾರವಿರುವ ಕಾರಣ, ಉಪಚಾರದ ಭರದಲ್ಲಿ ಪ್ರಾಣ ಹೋಗುವುದುಂಟು.

ಈ ಹಂತಕ್ಕೆ ಬರುವ ವೇಳೆಗೆ ನೆರೆಮನೆಯ ಸಲಹೆಯೂ ಗೋಡೆಯ ಆಚೆಯಿಂದ ಬಂದಿರುತ್ತದೆ: “ಅಕ್ಕಾ, ಅದಕ್ಕ್ಯಾಕ ಅಷ್ಟ್ ಹೆದರ್ತೀರಿ? ಮನ್ಯಾಗ ಜ್ವರದ ಗುಳಗಿ ಉಳದಿದ್ರ ಅರ್ಧಾ ನೀರಾಗ ಕಲಸಿ ಕುಡಸ್ರಿ, ನಾಳಿಗಿ ಓಡ್ಯಾಡ್ತದ.” ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ‘ಜ್ವರದ ಗುಳಿಗೆ’ ಎಂದು ಮನೆಯಲ್ಲಿ ಉಳಿದಿರುವುದು ಎಷ್ಟೋ ವೇಳೆ ಪೂರ್ತಿ ನುಂಗದೆ ಬಿಟ್ಟ ಆ್ಯಂಟಿಬಯೋಟಿಕ್ ಆಗಿರುತ್ತದೆ; ಈ ವಿಷಯದಲ್ಲಿ ಪಟಾನ್‌ಚೆರುವಿನ ನಿವಾಸಿಗಳಿಗೆ ಉಳಿದವರಿಗಿಂತ ಹೆಚ್ಚಿನ ಎಚ್ಚರವಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 2007ರಲ್ಲಿ ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವೊಂದು ಈ ಊರನ್ನು ವಿಜ್ಞಾನಲೋಕದಲ್ಲಿ ಪ್ರಸಿದ್ಧಗೊಳಿಸಿತು: ಸುಮಾರು ತೊಂಬತ್ತು ಔಷಧ ತಯಾರಕರ ತ್ಯಾಜ್ಯಜಲವನ್ನು ಶುದ್ಧೀಕರಿಸುವ ಇಲ್ಲಿಯ ಘಟಕದಿಂದ ಹೊರಬಿದ್ದ ನೀರಿನಲ್ಲಿ, ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಕಂಡುಬಂದಿತ್ತು. ಆ ಔಷಧವನ್ನು ಸೇವಿಸುತ್ತಿರುವ ರೋಗಿಯ ರಕ್ತದಲ್ಲಿ ಇರುವ ಪ್ರಮಾಣಕ್ಕಿಂತ ಇದು ಅಧಿಕ. ಔಷಧಕ್ಕೆ ಮಣಿಯದ ಸೂಕ್ಷ್ಮಜೀವಿಗಳು ಹುಟ್ಟಿ ಬಲಿಯುವುದು ಇಂತಹ ಪರಿಸರದಲ್ಲೇ. ಹಿತ್ತಲ ಬಟ್ಟಲಲ್ಲಿ ಅರ್ಧ ಗುಳಿಗೆ ಕದಡುವವನೂ ಅಳತೆ ಕಿರಿದಾದರೂ ಅದೇ ಕೆಲಸವನ್ನು ಮಾಡುತ್ತಿರುತ್ತಾನೆ. ಮನುಷ್ಯರ ಪಾಲಿಗೆ ಕೊನೆಯ ಅಸ್ತ್ರಗಳಲ್ಲೊಂದಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರವು 2019ರ ಜುಲೈ ತಿಂಗಳಲ್ಲಿ ನಿಷೇಧಿಸಿದ್ದು ಈ ಕಾರಣದಿಂದಲೇ. ಅದಲ್ಲದೆ, ಕಾರಣವಿಲ್ಲದೆ ಕೊಟ್ಟ ಆ್ಯಂಟಿಬಯೋಟಿಕ್ ಕರುಳಿನ ಹಿತಕಾರಿ ಜೀವಿಗಳನ್ನೂ ಕೊಲ್ಲುವುದರಿಂದ, ಕ್ಯಾಂಡಿಡಾ ಎಂಬ ಶಿಲೀಂಧ್ರವು ಮೇವಿನ ಚೀಲದಲ್ಲಿ ಬೆಳೆದು, ಕೋಳಿಯ ಬಾಯಿಂದ ಹುಳಿನಾತ ಬರುವಂತಾಗುತ್ತದೆ. ಆಗ ಇದ್ದ ರೋಗದ ಮೇಲೆ ಇನ್ನೊಂದು ಬಂದು ಕುಳಿತಂತಾಯಿತು.

ಮೇವಿನ ಚೀಲವನ್ನು ಪರೀಕ್ಷಿಸುವ ಕಾಲ ಮುಂಜಾನೆ, ಮೇವು ಹಾಕುವ ಮೊದಲು. ಹಿಂದಿನ ಸಂಜೆ ತಿಂದದ್ದು ಇರುಳಲ್ಲಿ ಕೆಳಗಿಳಿದು ಚೀಲ ಚಪ್ಪಟೆಯಾಗಿರಬೇಕು. ಬದಲಾಗಿ ಗಟ್ಟಿಯಾದ ಉಂಡೆ ಕೈಗೆ ಸಿಕ್ಕರೆ, ಉದ್ದನೆಯ ಹುಲ್ಲೋ ನೂಲೋ ಪ್ಲಾಸ್ಟಿಕ್ಕಿನ ಚೂರೋ ಅಲ್ಲಿ ಸಿಕ್ಕಿಕೊಂಡಿದೆಯೆಂದು ಊಹಿಸಬಹುದು. ಕೆಲವು ಹನಿ ಅಡುಗೆಯೆಣ್ಣೆ, ತುಸು ಉಗುರುಬೆಚ್ಚಗಿನ ನೀರು, ಹಗುರವಾದ ಕೈಯಿಂದ ನೀವುವುದು, ಒಂದು ದಿನ ಗಟ್ಟಿ ಮೇವನ್ನು ಕೊಡದಿರುವುದು, ಇಷ್ಟರಿಂದ ಅನೇಕ ವೇಳೆ ಅದು ಸಡಿಲವಾಗುತ್ತದೆ. ಕೋಳಿಯನ್ನು ತಲೆಕೆಳಗಾಗಿ ಹಿಡಿದು ಹಿಂಡುವ ರೂಢಿಯನ್ನು ಮಾತ್ರ ಕೈಬಿಡತಕ್ಕದ್ದು. ಒಳಗಿನ ದ್ರವವು ಶ್ವಾಸಕೋಶಕ್ಕೆ ಹೊಕ್ಕರೆ ಮಾಡುವುದೇನೂ ಉಳಿಯದು. ಮರುದಿನವೂ ಉಂಡೆ ಕರಗದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಬೇಕು.

ಹಿಕ್ಕೆಯಲ್ಲಿ ರಕ್ತ ಕಂಡರೆ, ವಿಶೇಷವಾಗಿ ಎಳೆಯ ಮರಿಗಳಲ್ಲಿ, ಐಮೀರಿಯಾ ಎಂಬ ಏಕಕೋಶಜೀವಿಯಿಂದ ಬರುವ ರಕ್ತಭೇದಿಯನ್ನು ಮೊದಲು ಶಂಕಿಸಬೇಕು. ಹಿಕ್ಕೆಯೊಡನೆ ಹೊರಬಿದ್ದ ಇದರ ಬೀಜಕೋಶಗಳು ತೇವವೂ ಬೆಚ್ಚನೆಯೂ ಆದ ನೆಲದಲ್ಲಿ ಒಂದೆರಡು ದಿನಗಳೊಳಗೆ ಸೋಂಕು ತಗುಲಿಸುವ ಬಲವನ್ನು ಪಡೆಯುವುದರಿಂದ, ಇದು ಮಳೆಗಾಲದ ರೋಗ, ಒದ್ದೆ ಗೂಡಿನ ರೋಗ. ಇದಕ್ಕೆ ವೈದ್ಯರು ಬರೆದುಕೊಡುವ ಆಂಪ್ರೋಲಿಯಮ್ ಎಂಬ ಔಷಧದ ಕಾರ್ಯವಿಧಾನವು ಬಲು ಸ್ವಾರಸ್ಯವಾದದ್ದು. 1890ರ ದಶಕದಲ್ಲಿ ಜಾವಾ ದ್ವೀಪದ ಬಟೇವಿಯಾ ನಗರದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು, ಪಾಲಿಶ್ ಮಾಡಿದ ಬಿಳಿಯಕ್ಕಿಯನ್ನು ತಿಂದ ಕೋಳಿಗಳು ಕಾಲಿನ ಬಲಗುಂದಿ ಬೀಳುವುದನ್ನೂ, ತೌಡುಳ್ಳ ಅಕ್ಕಿ ಕೊಟ್ಟೊಡನೆ ಚೇತರಿಸುವುದನ್ನೂ ಕಂಡನು. ಮುಂದೆ ಬಿ1 ಜೀವಸತ್ತ್ವವೆಂದು ಹೆಸರಾದ ವಸ್ತುವಿನ ಸುಳಿವು ಹೀಗೆ ಕೋಳಿಗೂಡಿನಲ್ಲಿ ದೊರೆಯಿತು, 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಅದೇ ಬಿ1 ಜೀವಸತ್ತ್ವದ ರೂಪವನ್ನು ತಳೆದ ಆಂಪ್ರೋಲಿಯಮ್, ಐಮೀರಿಯಾ ಜೀವಿಯನ್ನು ವಂಚಿಸಿ, ಅದಕ್ಕೆ ನಿಜವಾದ ಜೀವಸತ್ತ್ವ ದಕ್ಕದಂತೆ ಮಾಡಿ ಕೊಲ್ಲುತ್ತದೆ. ಆದುದರಿಂದಲೇ ಈ ಔಷಧ ನಡೆಯುತ್ತಿರುವಾಗ, ಕೋಳಿ ಸೊರಗಿದೆಯೆಂಬ ಕನಿಕರದಿಂದ ಬಿ1 ಇರುವ ಟಾನಿಕ್ಕನ್ನು ಕುಡಿಸಿದರೆ ಔಷಧದ ಬಲವನ್ನು ನಾವೇ ಕುಗ್ಗಿಸಿದಂತಾಗುತ್ತದೆ.

ಹಸಿರು ಬಣ್ಣದ ನೀರುಭೇದಿಯೊಡನೆ ಏದುಸಿರು, ಕೊರಳು ತಿರುಚುವುದು, ಕಾಲು ಎಳೆಯುವುದು ಇವೂ ಕಂಡವೆಂದರೆ ಅದು ಕೊಕ್ಕರೆ ರೋಗವಿರಬಹುದು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಗುರುತಿಸಲ್ಪಟ್ಟು, ಅದರ ಬೆನ್ನಿಗೇ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿ ಕಂಡುಬಂದದ್ದರಿಂದ ನಮ್ಮ ದೇಶದಲ್ಲಿ ಇದಕ್ಕೆ ಆ ಊರಿನ ಹೆಸರೇ ನಿಂತಿತು. ವೈರಸ್ಸಿನ ಈ ರೋಗಕ್ಕೆ ಮದ್ದಿಲ್ಲ, ಇರುವುದು ಲಸಿಕೆಯೊಂದೇ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಸುಮಾರಿಗೆ ಚುಚ್ಚುಮದ್ದು ಎಂಬ ಕ್ರಮ ರೂಢಿಯಲ್ಲಿದೆ. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನ ನಿರ್ದೇಶನಾಲಯವು ಹಿತ್ತಲ ಸಾಕಣೆಗೆಂದೇ ರೂಪಿಸಿದ ವನರಾಜ, ಗ್ರಾಮಪ್ರಿಯ ತಳಿಗಳಾಗಲಿ, ಬೆಂಗಳೂರಿನಿಂದ ಬಂದ ಗಿರಿರಾಜವಾಗಲಿ, ಅಜ್ಜಿಯ ಕಾಲದ ಜವಾರಿ ಕೋಳಿಯಾಗಲಿ ಈ ಲಸಿಕೆಗೆ ಹೊರತಲ್ಲ. ‘ಜವಾರಿ ಕೋಳಿಗೆ ರೋಗ ಬಾರದು’ ಎಂಬ ಮಾತು ಕೇಳಲು ಹಿತ, ನಂಬಲು ಯೋಗ್ಯವಲ್ಲ. ಹಲವು ಕೋಳಿಗಳು ಏಕಕಾಲಕ್ಕೆ ಸತ್ತರೆ ಹಕ್ಕಿಜ್ವರದ ಶಂಕೆಯೂ ಇರುವುದರಿಂದ, ಸತ್ತವನ್ನು ಬರಿಗೈಯಿಂದ ಮುಟ್ಟದೆ, ಅಡುಗೆಗೆ ಉಪಯೋಗಿಸದೆ, ಸರ್ಕಾರಿ ಪಶುವೈದ್ಯಶಾಲೆಗೆ ತಕ್ಷಣ ತಿಳಿಸಬೇಕು.

ಇನ್ನು ಇಕ್ರಿಸ್ಯಾಟಿನ ಹೊಲಗಳ ಮಾತು. ಅಲ್ಲಿ ಸಂಶೋಧನೆ ನಡೆಯುವ ಮುಖ್ಯ ಬೆಳೆಗಳಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿಗಳೊಡನೆ ಶೇಂಗಾ ಕೂಡ ಒಂದು. ಶೇಂಗಾ ಎಂದೊಡನೆ ಅದನ್ನು ಮುತ್ತುವ ಆ್ಯಸ್ಪರ್‌ಜಿಲಸ್ ಫ್ಲೇವಸ್ ಎಂಬ ಬೂಷ್ಟೂ, ಅದು ಸ್ರವಿಸುವ ಅಫ್ಲಟಾಕ್ಸಿನ್ ಎಂಬ ವಿಷವೂ ಬಂದೇ ಬರುತ್ತವೆ. ಆ ವಿಷವನ್ನು ಕಡಿಮೆ ಖರ್ಚಿನಲ್ಲಿ ಪತ್ತೆಹಚ್ಚುವ ಪರೀಕ್ಷಾವಿಧಾನವನ್ನು ಈ ಸಂಸ್ಥೆಯವರು ರೂಪಿಸಿದ್ದಾರೆ. ಜಗತ್ತಿಗೆ ಈ ವಿಷದ ಪರಿಚಯವಾದದ್ದೇ ಪಕ್ಷಿಗಳ ಮರಣದಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತುವು, ಅವಕ್ಕೆ ತಿನ್ನಿಸಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯೇ ಹಂತಕವೆಂದು ತರುವಾಯ ತಿಳಿಯಿತು. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿಯೂ ಇಂತಹ ಹಿಂಡಿಯಿಂದ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತುವು. ಈ ವಿಷ ಯಕೃತ್ತನ್ನು ಹಾಳುಗೆಡಹುತ್ತದೆ. ಹಸಿವು ಇಂಗುತ್ತದೆ, ಭೇದಿಯಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ, ಬೇರೆ ರೋಗಗಳನ್ನು ತಡೆಯುವ ಶಕ್ತಿ ಕುಂದುತ್ತದೆ. ಅಡುಗೆಯ ಕಾವಿಗೆ ಅದು ನಾಶವಾಗದು. ಮನುಷ್ಯರು ತಿನ್ನಲಾಗದೆಂದು ಬೇರ್ಪಡಿಸಿದ ಮುಗ್ಗಲು ಶೇಂಗಾ, ಬೂಷ್ಟು ಹಿಡಿದ ರೊಟ್ಟಿ, ತೇವದಲ್ಲಿ ಕೂತ ನುಚ್ಚು, ಇವು ‘ಕೋಳಿಗಾದರೂ ಆಗಲಿ’ ಎಂದು ಹಿತ್ತಲಿಗೆ ಬೀಳುವುದು ನಮ್ಮ ಮನೆಗಳ ಪದ್ಧತಿ. ಮಿತವ್ಯಯವೆಂದು ತೋರುವ ಈ ಪದ್ಧತಿಯೇ ಎಷ್ಟೋ ಕೋಳಿಗಳ ದೀರ್ಘಕಾಲದ ಅಜೀರ್ಣಕ್ಕೆ ಮೂಲವೆಂದು ನನಗೆ ತೋರುತ್ತದೆ. ಅದನ್ನು ನಿಲ್ಲಿಸದೆ ಯಾವ ಔಷಧ ಕೊಟ್ಟೂ ಫಲವಿಲ್ಲ.

ಜಂತುಹುಳುಗಳ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಬಹುದು: ನೆಲ ಕೆದಕಿ ತಿನ್ನುವ ಕೋಳಿಯ ಹೊಟ್ಟೆಯಲ್ಲಿ ಅವು ಇರುವುದೇ ಹೆಚ್ಚು, ತಿಂದರೂ ಸೊರಗುವ ಪಕ್ಷಿಯ ಹಿಕ್ಕೆಯನ್ನು ಪಶುವೈದ್ಯಶಾಲೆಯಲ್ಲಿ ಪರೀಕ್ಷೆ ಮಾಡಿಸಿ, ಅವರು ಹೇಳಿದ ಪ್ರಮಾಣದಲ್ಲಿ ಜಂತುನಾಶಕವನ್ನು ಕೊಡತಕ್ಕದ್ದು. ಅರಿಶಿನ, ಬೆಳ್ಳುಳ್ಳಿ, ಬೇವಿನೆಲೆಗಳಂತಹ ಮನೆಮದ್ದನ್ನು ಸ್ವಲ್ಪ ಪ್ರಮಾಣದಲ್ಲಿ ಕೊಟ್ಟರೆ ಹಾನಿಯಿಲ್ಲ. ಆದರೆ ರಕ್ತಭೇದಿಗೂ ಕೊಕ್ಕರೆ ರೋಗಕ್ಕೂ ಅವನ್ನೇ ನೆಚ್ಚಿ ಎರಡು ದಿನ ಕಳೆದರೆ, ಕಳೆದ ಆ ಎರಡು ದಿನವೇ ಹಾನಿ. ಚೇತರಿಸುವ ಕೋಳಿಗೆ ಮೆತ್ತಗೆ ಬೆಂದ ನುಚ್ಚು, ನೆನೆಸಿದ ಮೇವು, ಬೇಯಿಸಿದ ಮೊಟ್ಟೆಯ ಸ್ವಲ್ಪ ಭಾಗ ಒಪ್ಪುತ್ತವೆ. ಹಾಲು ಬೇಡ, ಅದರ ಸಕ್ಕರೆಯನ್ನು ಪಕ್ಷಿಯ ಕರುಳು ಜೀರ್ಣಿಸಲಾರದು. ಒಂದು ಚಮಚ ಮೊಸರಿನಿಂದ ತೊಂದರೆಯಿಲ್ಲ. ಔಷಧ ನಡೆಯುವಾಗಲೂ, ಆಮೇಲೆ ವೈದ್ಯರು ಹೇಳಿದಷ್ಟು ದಿನವೂ, ಆ ಕೋಳಿಯ ಮೊಟ್ಟೆಯನ್ನು ಮನೆಯವರು ತಿನ್ನಕೂಡದು, ಮಕ್ಕಳಿಗಂತೂ ಕೊಡಲೇಬಾರದು.

ವಾಸಿಯಾದ ಹೇಂಟೆಯನ್ನು ಗುಂಪಿಗೆ ಮರಳಿಸುವಾಗಲೂ ಒಂದು ತೊಡಕಿದೆ. ಕೋಳಿಗಳಲ್ಲಿ ಯಾರು ಯಾರನ್ನು ಕುಟುಕಬಹುದೆಂಬ ಮೇಲುಕೀಳಿನ ಕ್ರಮವೊಂದು ಇರುವುದನ್ನು ನಾರ್ವೆ ದೇಶದ ಷೆಲ್ಡರಪ್-ಎಬ್ಬೆ ಎಂಬ ಪ್ರಾಣಿವಿಜ್ಞಾನಿ 1920ರ ದಶಕದಲ್ಲಿ ವಿವರಿಸಿದನು. ಕೆಲವು ದಿನ ಕಣ್ಮರೆಯಾಗಿದ್ದ ಕೋಳಿಗೆ ಆ ಕ್ರಮದಲ್ಲಿ ತನ್ನ ಸ್ಥಾನ ತಪ್ಪಿಹೋಗಿರುತ್ತದೆ. ಆದಕಾರಣ ಮೊದಲ ಎರಡು ಮೂರು ದಿನ ಬುಟ್ಟಿಯನ್ನು ಉಳಿದವುಗಳ ಕಣ್ಣಿಗೆ ಬೀಳುವಂತೆ ಹಿತ್ತಲಲ್ಲಿಯೇ ಇಟ್ಟು, ಆಮೇಲೆ ಒಂದು ದಿನ ಕತ್ತಲಾದ ಮೇಲೆ ಗೂಡಿಗೆ ಸೇರಿಸುವುದು ಮೇಲು. ಮರುದಿನದಿಂದ ಒಂದು ವಾರದವರೆಗೆ, ಮೇವಿಗೂ ನೀರಿಗೂ ಒಂದೊಂದು ಹೆಚ್ಚಿನ ಬಟ್ಟಲನ್ನು ಅಂಗಳದ ಇನ್ನೊಂದು ತುದಿಯಲ್ಲಿ ಇಟ್ಟಿರಬೇಕು.