ಥೀಸಿಸ್‌ಗೆ ಗೈಡ್ ಇರ್ತಾರೆ, ಪ್ರಶ್ನೆ ಕೇಳೋದನ್ನ ಕಲಿಸೋರು ಯಾರು?

ಚಾನೆಲ್‌ನಲ್ಲಿ ಹೋದ ವಾರ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಇಸವಿ, ಅಂಕಿಗಳನ್ನು ಇಲ್ಲಿ ಸೇರಿಸಿದ್ದೀನಿ.

ಡಾಕ್ಟರುಗಳಿಗೆ ಸಂಶೋಧನೆ ಮಾಡೋದನ್ನ ಯಾರು ಕಲಿಸ್ತಾರೆ, ಹೇಗೆ ಕಲಿಸ್ತಾರೆ ಅನ್ನೋದು ಈ ಸಲದ ವಿಷಯ. ಐಟಿಯವರಿಗೆ ಇದು ಯಾಕೆ ಅಂತ ಕೇಳಬಹುದು. ಪುಣೆ, ನಾಸಿಕ್, ಸಂಭಾಜಿನಗರದ ಕಡೆ ಇರುವ ನಮ್ಮವರಲ್ಲಿ ಬಹಳ ಜನಕ್ಕೆ ಒಂದಲ್ಲ ಒಂದು ದಿನ ಆ ಫೋನ್ ಬಂದಿರುತ್ತೆ. ನನಗೆ ಬಂದದ್ದು ಚಿಕ್ಕಪ್ಪನ ಮಗಳಿಂದ. ಬೀದರಿನ ಹುಡುಗಿ, ಸಂಭಾಜಿನಗರದಲ್ಲಿ ಎಂ.ಡಿ. ಎರಡನೇ ವರ್ಷ. "ಅಣ್ಣಾ, ಎಕ್ಸೆಲ್ ಕಳಿಸೀನಿ, ಪಿ ವ್ಯಾಲ್ಯೂ ತೆಗೆದು ಕೊಡು. ನಿಂಗೇನು, ಐದು ನಿಮಿಷದ ಕೆಲಸ."

ಫೈಲ್ ತೆರೆದೆ. ವಯಸ್ಸಿನ ಕಾಲಮ್‌ನಲ್ಲಿ ಒಂದು ಕಡೆ ಬರೀ 45, ಇನ್ನೊಂದು ಕಡೆ "45 ವರ್ಷ". ಊಟಕ್ಕೆ ಮುಂಚಿನ ಶುಗರ್ರು, ಊಟದ ನಂತರದ್ದು ಎರಡೂ ಒಂದೇ ಸೆಲ್‌ನಲ್ಲಿ, ನಡುವೆ ಒಂದು ಅಡ್ಡಗೆರೆ. ಒಬ್ಬರೇ ರೋಗಿ ಎರಡು ಸಾಲಿನಲ್ಲಿ. ಇದನ್ನೆಲ್ಲ ಸರಿಮಾಡೋದು ನಮಗೆ ದೊಡ್ಡ ಮಾತಲ್ಲ. ನಾನು ಕೇಳಿದ್ದು ಬೇರೆ: "ನೀನು ತಿಳ್ಕೊಬೇಕು ಅಂತ ಹೊರಟಿರೋದು ಏನು?" ಆಕೆ ಥೀಸಿಸ್ ಶೀರ್ಷಿಕೆ ಓದಿ ಹೇಳಿದಳು. ಶೀರ್ಷಿಕೆಯಲ್ಲಿ ಒಂದು ರೋಗದ ಹೆಸರಿತ್ತು, ಆಸ್ಪತ್ರೆಯ ವರ್ಗ ಇತ್ತು, "ಒಂದು ಅಧ್ಯಯನ" ಅಂತಲೂ ಇತ್ತು. ಪ್ರಶ್ನೆ ಮಾತ್ರ ಇರಲಿಲ್ಲ.

ಇದು ಆಕೆಯೊಬ್ಬಳ ಕತೆ ಅಲ್ಲ. ಸಮಿರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 2005ರಿಂದ 2014ರವರೆಗೆ ದೇಶದ 579 ವೈದ್ಯಕೀಯ ಸಂಸ್ಥೆಗಳಿಂದ ಎಷ್ಟು ಸಂಶೋಧನಾ ಲೇಖನ ಬಂದಿವೆ ಅಂತ. 332 ಸಂಸ್ಥೆಗಳಿಂದ, ಅಂದರೆ ಅರ್ಧಕ್ಕಿಂತ ಹೆಚ್ಚು ಕಡೆಯಿಂದ, ಹತ್ತು ವರ್ಷದಲ್ಲಿ ಒಂದೂ ಇಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಕೊಟ್ಟವು 25 ಮಾತ್ರ. ಆದರೆ ಎಂ.ಡಿ., ಎಂ.ಎಸ್. ಮಾಡುವ ಪ್ರತಿಯೊಬ್ಬರೂ ಥೀಸಿಸ್ ಬರೀಲೇಬೇಕು. ವರ್ಷ ವರ್ಷ ಸಾವಿರಾರು ಥೀಸಿಸ್ ಬೈಂಡ್ ಆಗ್ತಿವೆ, ಹೊರಗಡೆ ಓದೋಕೆ ಸಿಗೋದು ಬೆರಳೆಣಿಕೆ. ಪೈಪ್‌ಲೈನ್ ಎಲ್ಲೋ ಸೋರ್ತಿದೆ.

ಮಹಾರಾಷ್ಟ್ರದಲ್ಲಿ ಈ ಪೈಪ್‌ಲೈನಿನ ತುದಿ ನಾಸಿಕ್‌ನಲ್ಲಿದೆ. ದಿಂಡೋರಿ ರಸ್ತೆಯಲ್ಲಿ ಹೋದರೆ ಮ್ಹಸ್ರೂಳ್ ಹತ್ತಿರ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಸಿಗುತ್ತೆ. ಶುರುವಾದದ್ದು 1998ರಲ್ಲಿ, ಬೆಂಗಳೂರಿನ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕಿಂತ ಎರಡು ವರ್ಷ ತಡವಾಗಿ. ಡೀಮ್ಡ್ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ರಾಜ್ಯದ ವೈದ್ಯಕೀಯ, ದಂತ, ಆಯುರ್ವೇದ, ಹೋಮಿಯೋಪತಿ, ನರ್ಸಿಂಗ್ ಕಾಲೇಜುಗಳೆಲ್ಲ ಇದರ ಕೆಳಗೆ ಬರ್ತವೆ. ಸಂಭಾಜಿನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಕೂಡ. 1956ರ ಕಾಲೇಜು ಅದು. ಊರವರ ಬಾಯಲ್ಲಿ ಅದರ ಆಸ್ಪತ್ರೆ ಬರೀ "ಘಾಟಿ". ಅಲ್ಲಿ ಬರೆದ ಥೀಸಿಸ್ ಸುಮಾರು 200 ಕಿಲೋಮೀಟರ್ ದಾಟಿ ನಾಸಿಕ್‌ಗೆ ಬರಬೇಕು.

ಈಗ ವೇಳೆಯ ಲೆಕ್ಕ ಹಾಕಿ. ಕೋರ್ಸ್ ಮೂರು ವರ್ಷ. ಪರೀಕ್ಷೆಗೆ ಕನಿಷ್ಠ ಆರು ತಿಂಗಳು ಮುಂಚೆ ಥೀಸಿಸ್ ಸಲ್ಲಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಕಡ್ಡಾಯ ಸೇವೆ ಇದೆ. ಶುರುವಿನ ಕೆಲವು ತಿಂಗಳು ವಿಷಯ ಹುಡುಕೋದು, ಸಿನಾಪ್ಸಿಸ್ ಬರೆಯೋದು, ಎಥಿಕ್ಸ್ ಕಮಿಟಿ ಒಪ್ಪಿಗೆ ಅಂತ ಹೋಗುತ್ತೆ. ಉಳಿದದ್ದರಲ್ಲಿ ರಾತ್ರಿ ಪಾಳಿ, ಓಪಿಡಿ, ವಾರ್ಡ್. ಗೈಡ್ ಇರ್ತಾರೆ, ಖಂಡಿತ. ಅವರ ಮುಂದೆ ಓಪಿಡಿಯ ಸಾಲೂ ಇರುತ್ತೆ. ಕೊನೆಗೆ ವಿದ್ಯಾರ್ಥಿ ಕೈಗೆ ಸಿಗೋದು ಯಾವುದೋ ಹಳೆಯ ಥೀಸಿಸ್ಸಿನ ಅಚ್ಚು, ಇಲ್ಲಾಂದ್ರೆ ಕಂಪ್ಯೂಟರ್ ಗೊತ್ತಿರೋ ಅಣ್ಣ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ನಡೆಸುವ ಬೇಸಿಕ್ ಕೋರ್ಸ್ ಇನ್ ಬಯೋಮೆಡಿಕಲ್ ರಿಸರ್ಚ್ ಅನ್ನೋ ಆನ್‌ಲೈನ್ ಕೋರ್ಸ್ 2019ರಿಂದ ಪಿಜಿ ವಿದ್ಯಾರ್ಥಿಗಳಿಗೆ ಕಡ್ಡಾಯ. ಪಾಠಗಳು ಚೆನ್ನಾಗಿವೆ, ನಾನೂ ಕೆಲವನ್ನು ನೋಡಿದೆ. ಪ್ರಶ್ನೆ ಹೇಗೆ ರೂಪಿಸಬೇಕು, ಸ್ಯಾಂಪಲ್ ಸೈಜ್ ಎಂದರೇನು, ಎಲ್ಲ ಇದೆ. ಆದರೆ ವೀಡಿಯೋ ನೋಡಿ ಕೋಡ್ ಬರೆಯೋದು ಕಲಿತವರು ಎಷ್ಟು ಜನ ಅಂತ ನಿಮಗೇ ಗೊತ್ತು. (ವೀಡಿಯೋ ಚಾನೆಲ್‌ನಲ್ಲಿ ಕೂತು ನಾನೇ ಇದನ್ನು ಹೇಳ್ತಿರೋದು ತಮಾಷೆಯೇ.) ಮೊದಲ ಕೆಲಸದಲ್ಲಿ ನಮ್ಮನ್ನು ತಿದ್ದಿದ್ದು, ನಾವು ಬರೆದ ಅದೇ ಮೂವತ್ತು ಸಾಲು ಓದಿ "ಇದು ಯಾಕೆ ಹೀಗೆ?" ಅಂತ ಕೇಳಿದ ಸೀನಿಯರ್. ವೀಡಿಯೋಗೆ ಆ ಮೂವತ್ತು ಸಾಲು ಕಾಣೋದಿಲ್ಲ.

ಎಂಬಿಬಿಎಸ್ ಓದುವವರಿಗೆ ಇನ್ನೊಂದು ದಾರಿ ಇದೆ, ಐಸಿಎಂಆರ್‌ನ ಶಾರ್ಟ್ ಟರ್ಮ್ ಸ್ಟುಡೆಂಟ್‌ಶಿಪ್. 1979ರಿಂದ ನಡೀತಿದೆ. ಒಬ್ಬ ವಿದ್ಯಾರ್ಥಿ, ಒಬ್ಬ ಗೈಡ್, ಎರಡು ತಿಂಗಳು, ಒಂದು ಸಣ್ಣ ಪ್ರಶ್ನೆ. ವರದಿ ಬರೆದು, ಅದು ಒಪ್ಪಿಗೆಯಾದ ಮೇಲೇನೇ ಸ್ಟೈಪೆಂಡ್. ನಿಮ್ಮ ಮನೆಯಲ್ಲಿ ಎಂಬಿಬಿಎಸ್ ಓದುವವರಿದ್ದರೆ ಅವರಿಗೆ ಇದನ್ನು ಖಂಡಿತ ಹೇಳಿ. ಪಿಜಿಗೆ ಬರುವ ಹೊತ್ತಿಗೆ ಒಂದು ಸಲವಾದರೂ ಪೂರ್ತಿ ಸುತ್ತು ಹಾಕಿದಂತಾಗುತ್ತೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾರ್ಟ್ ಇಟ್ ಅನ್ನೋ ಕಾರ್ಯಕ್ರಮ. ಕ್ಷಯರೋಗದ ಮೇಲೆ ಕೆಲಸ ಮಾಡುವ ದಿ ಯೂನಿಯನ್, ಜೊತೆಗೆ ಎಂಎಸ್‌ಎಫ್, ಎರಡೂ ಸೇರಿ 2009ರಲ್ಲಿ ಈ ಮಾದರಿಯ ಕೋರ್ಸ್ ಶುರು ಮಾಡಿದವು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಟಿಡಿಆರ್ ಕೈಜೋಡಿಸಿತು. ಇದಕ್ಕೆ ಬರುವವರಲ್ಲಿ ಹೆಚ್ಚಿನವರು ಆರೋಗ್ಯ ಇಲಾಖೆಯಲ್ಲಿ, ಕಾರ್ಯಕ್ರಮಗಳಲ್ಲಿ ದಿನಾ ಕೆಲಸ ಮಾಡುವವರು. ಬರುವಾಗ ತಮ್ಮ ಕೆಲಸದಿಂದಲೇ ಒಂದು ಪ್ರಶ್ನೆ ತರಬೇಕು. ಸುಮಾರು ಒಂದೊಂದು ವಾರದ ಮೂರು ಸುತ್ತು. ಮೊದಲ ಸುತ್ತಿನಲ್ಲಿ ಪ್ರೋಟೋಕಾಲ್, ಎರಡನೆಯದರಲ್ಲಿ ಡೇಟಾ, ಮೂರನೆಯದರಲ್ಲಿ ಲೇಖನ. ಮೆಂಟರ್‌ಗಳು ಪಕ್ಕದಲ್ಲೇ ಕೂತು ಸಾಲು ಸಾಲಾಗಿ ಓದ್ತಾರೆ. ಸುತ್ತುಗಳ ನಡುವೆ ಊರಿಗೆ ಹೋಗಿ ಕೆಲಸ, ಆದರೆ ತಾರೀಖು ಗಟ್ಟಿ. ಪ್ರೋಟೋಕಾಲ್ ಹೇಳಿದ ದಿನಕ್ಕೆ ಬರದಿದ್ದರೆ ಮುಂದಿನ ಸುತ್ತಿಗೆ ಕರೆ ಇಲ್ಲ. ಕೊನೆಯ ಸುತ್ತು ಮುಗಿದು ನಾಲ್ಕು ವಾರದೊಳಗೆ ಲೇಖನ ಜರ್ನಲ್‌ಗೆ ಹೋಗಿರಬೇಕು. ಕಠೋರ ಅನಿಸುತ್ತೆ. ಆದರೂ ಸೇರಿದ ಹತ್ತರಲ್ಲಿ ಸುಮಾರು ಒಂಬತ್ತು ಜನ ಮುಗಿಸ್ತಾರೆ. ನಮ್ಮ ಆನ್‌ಲೈನ್ ಕೋರ್ಸ್‌ಗಳನ್ನು ಎಷ್ಟು ಜನ ಮುಗಿಸ್ತೀವಿ ಅಂತ ಒಮ್ಮೆ ಎದೆ ಮುಟ್ಟಿ ಕೇಳ್ಕೊಳ್ಳಿ.

ಭಾರತದಲ್ಲಿ ಈ ಮಾದರಿಯ ಕೋರ್ಸ್‌ಗಳಲ್ಲಿ ಕೆಲವು ನಡೆದದ್ದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. ಏರ್‌ಪೋರ್ಟಿಗೆ ಹೋಗುವಾಗ ನೀವು ನೂರು ಸಲ ದಾಟಿರ್ತೀರಿ. 1959ರಲ್ಲಿ ಶುರುವಾದ ಈ ಸಂಸ್ಥೆಗೆ ಒಂದು ಹಳೆಯ ಹೆಮ್ಮೆ ಇದೆ, ಅದು ಒಳ್ಳೆಯ ಪ್ರಶ್ನೆ ಅಂದರೇನು ಅನ್ನೋದಕ್ಕೂ ಉದಾಹರಣೆ. ಹಳ್ಳಿಯವರಿಗೆ ಕ್ಷಯದ ಬಗ್ಗೆ ಗೊತ್ತಿಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ ಅನ್ನೋದು ಆಗಿನವರ ನಂಬಿಕೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದನ್ನು ತಿರುಗಿಸಿ ಕೇಳಿದರು: ನಿಜವಾಗಿ ಕ್ಷಯ ಇರುವವರನ್ನು ಮನೆಯಲ್ಲೇ ಹುಡುಕಿ, ಅವರು ಈಗಾಗಲೇ ಏನು ಮಾಡಿದ್ದಾರೆ ಅಂತ ಕೇಳಿದರೆ? ತುಮಕೂರು ಜಿಲ್ಲೆಯ ಊರುಗಳಿಗೆ ಹೋದರು. ರೋಗಿಗಳಲ್ಲಿ ಅರ್ಧದಷ್ಟು ಜನ ಮೊದಲೇ ಆಸ್ಪತ್ರೆ, ಡಿಸ್ಪೆನ್ಸರಿಗೆ ಹೋಗಿದ್ದರು. ಕೆಮ್ಮಿನ ಔಷಧಿ ಬಾಟಲಿ ಹಿಡಿದು ವಾಪಸ್ ಬಂದಿದ್ದರು. 1963ರಲ್ಲಿ ಪ್ರಕಟವಾದ ಕೆಲಸ ಇದು. ದೋಷ ಇದ್ದದ್ದು ಬರದೇ ಇದ್ದವರಲ್ಲಲ್ಲ, ಬಂದವರನ್ನು ನೋಡದೇ ಕಳಿಸಿದ ವ್ಯವಸ್ಥೆಯಲ್ಲಿ. ಇಂಥ ಪ್ರಶ್ನೆಗೆ ದೊಡ್ಡ ಗಣಿತ ಬೇಕಿಲ್ಲ. ಪಕ್ಕದಲ್ಲಿ ಕೂತು "ಇದು ನಿನಗೆ ಹೇಗೆ ಗೊತ್ತು?" ಅಂತ ಪದೇ ಪದೇ ಕೇಳುವ ಒಬ್ಬರು ಬೇಕು.

ಮತ್ತೆ ಮರಾಠವಾಡಕ್ಕೆ ಬರೋಣ. ಸಂಭಾಜಿನಗರ ವಿಭಾಗದ ದಕ್ಷಿಣದ ತುದಿಯಲ್ಲಿ ಧಾರಾಶಿವ್ ಜಿಲ್ಲೆ ಇದೆ, ಹಿಂದಿನ ಉಸ್ಮಾನಾಬಾದ್. ಅದಕ್ಕೆ ಅಂಟಿಕೊಂಡಂತೆ ಸೋಲಾಪುರ ಜಿಲ್ಲೆಯ ಬಾರ್ಶಿ. ಸೋಲಾಪುರ ಅಂದ್ಮೇಲೆ ನಮ್ಮವರಿಗೆ ಹೊಸದಾಗಿ ಪರಿಚಯ ಬೇಡ. 1987ರಲ್ಲಿ ಬಾರ್ಶಿಯಲ್ಲಿ ಕ್ಯಾನ್ಸರ್ ನೋಂದಣಿ ಕೇಂದ್ರ ಶುರುವಾಯಿತು, ಭಾರತದ ಮೊದಲ ಗ್ರಾಮೀಣ ನೋಂದಣಿ. ಪಟ್ಟಣದಲ್ಲಾದರೆ ಆಸ್ಪತ್ರೆಯ ದಾಖಲೆ ತೆಗೆದರೆ ಆಯ್ತು. ಹಳ್ಳಿಯಲ್ಲಿ ರೋಗಿ ಆಸ್ಪತ್ರೆಗೇ ಬರದಿದ್ದರೆ ಎಣಿಸೋದು ಹೇಗೆ? ಟಾಟಾ ಮೆಮೋರಿಯಲ್‌ನ ಕೆ. ಜಯಂತ್ ಮತ್ತು ತಂಡ ಸಿಬ್ಬಂದಿಯನ್ನೇ ಹಳ್ಳಿಗಳಿಗೆ ಕಳಿಸಿತು. ಊರವರ ಜೊತೆ ಮಾತಾಡಿ, ಲಕ್ಷಣ ಇರುವವರನ್ನು ಗುರುತಿಸಿ, ಬಾರ್ಶಿಯ ಆಸ್ಪತ್ರೆಗೆ ಬರುವಂತೆ ಒಪ್ಪಿಸೋದು. ಎಣಿಸೋದಕ್ಕೆ ಅಂತ ಹೋದ ಆ ಓಡಾಟದಿಂದಲೇ ಜನ ಬೇಗ ಆಸ್ಪತ್ರೆಗೆ ಬರತೊಡಗಿದರು.

ಆ ಹೊತ್ತಿಗೆ ಬಾರ್ಶಿಯಲ್ಲಿ ಮನೆ ಮನೆಗೆ ಹೋಗಿ ಬರೆದುಕೊಳ್ಳೋದು, ತಪ್ಪಿಲ್ಲದೆ ದಾಖಲೆ ಇಡೋದು, ತಪ್ಪಿಹೋದವರನ್ನು ಮತ್ತೆ ಹುಡುಕೋದು ಗೊತ್ತಿದ್ದ ತಂಡ ತಯಾರಾಗಿತ್ತು. 1999ರಲ್ಲಿ ಉಸ್ಮಾನಾಬಾದ್ ಜಿಲ್ಲೆಯಲ್ಲಿ ದೊಡ್ಡ ಅಧ್ಯಯನ ಶುರುವಾದಾಗ ಕೈಗೆ ಬಂದದ್ದು ಅದೇ ಅನುಭವ. 52 ಗುಂಪು ಮಾಡಿದ ಹಳ್ಳಿಗಳು, 30ರಿಂದ 59 ವಯಸ್ಸಿನ 1,31,746 ಮಹಿಳೆಯರು, ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಮೂರು ಬಗೆಯ ಪರೀಕ್ಷೆಗಳ ಹೋಲಿಕೆ. ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಆರ್. ಶಂಕರನಾರಾಯಣನ್, ಬಾರ್ಶಿಯ ಬಿ. ಎಂ. ನೇನೆ, ಜಯಂತ್ ಮುಂತಾದವರ ಈ ಕೆಲಸ 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆ ಇಲ್ಲದ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಗುಂಪಿನಲ್ಲಿ 64. ವಿಶ್ವ ಆರೋಗ್ಯ ಸಂಸ್ಥೆ ಇವತ್ತು ಎಚ್‌ಪಿವಿ ಪರೀಕ್ಷೆಯನ್ನೇ ಮೊದಲು ಮಾಡಿ ಅನ್ನೋದರ ಹಿಂದಿರುವ ಪುರಾವೆಗಳಲ್ಲಿ ಇದು ಮುಖ್ಯವಾದದ್ದು.

ಆ 64ರ ಬಗ್ಗೆ ಆಮೇಲೆ ಗಟ್ಟಿ ಪ್ರಶ್ನೆಗಳೂ ಎದ್ದವು. ಪರೀಕ್ಷೆಯ ಉಪಯೋಗ ಗೊತ್ತಿದ್ದೂ ಒಂದು ಗುಂಪನ್ನು ಪರೀಕ್ಷೆ ಇಲ್ಲದೆ ಬಿಡಬಹುದಿತ್ತಾ? ಆ ಭಾಗದಲ್ಲಿ ಆಗ ಅಂಥ ತಪಾಸಣಾ ವ್ಯವಸ್ಥೆಯೇ ಇರಲಿಲ್ಲ ಅನ್ನೋದು ಸಂಶೋಧಕರ ಉತ್ತರ. ನನಗೆ ಆ ಉತ್ತರ ಪೂರ್ತಿ ಸಮಾಧಾನ ಕೊಡಲ್ಲ. ಮೆಂಟರ್ ಜೊತೆ ಕೂತು ವಾದ ಮಾಡಬೇಕಾದ ವಿಷಯ ಇದೇ. ಎಥಿಕ್ಸ್ ಫಾರ್ಮ್ ತುಂಬಿದ ಮಾತ್ರಕ್ಕೆ ಇದು ಬಗೆಹರಿಯಲ್ಲ.

(ಹುಡುಕುವವರಿಗೆ ಒಂದು ಮಾತು: ಔರಂಗಾಬಾದ್, ಉಸ್ಮಾನಾಬಾದ್ ಎರಡರ ಹೆಸರೂ ಬದಲಾದದ್ದು 2023ರಲ್ಲಿ. ಹಳೆಯ ಲೇಖನಗಳನ್ನು ಹಳೆಯ ಹೆಸರಿನಲ್ಲೇ ಹುಡುಕಿ.)

ಹಾಗಾದ್ರೆ ಫೋನ್ ಬಂದಾಗ ನಾವೇನು ಮಾಡಬಹುದು? ಪಿ ವ್ಯಾಲ್ಯೂ ತೆಗೆದು ಕಳಿಸೋದು ಸುಲಭ, ಅದರಿಂದ ಕಲಿಯೋದು ಮಾತ್ರ ಯಾರೂ ಇಲ್ಲ. ದುಡ್ಡಿಗೆ ಥೀಸಿಸ್ ಅಂಕಿ ಮಾಡಿಕೊಡುವವರು ಮಾಡೋದೂ ಅದನ್ನೇ, ನಾವು ಪುಕ್ಕಟೆ ಮಾಡ್ತೀವಿ ಅಷ್ಟೇ. ಬೇಗ ಫೋನ್ ಮಾಡಿ ಅಂತ ಹೇಳಿ. ಡೇಟಾ ಸಂಗ್ರಹಿಸೋಕೆ ಮುಂಚೆ, ಸಿನಾಪ್ಸಿಸ್ ಹಂತದಲ್ಲೇ. ಆಗ ಕೂತು ಒಂದು ಹಾಳೆ ಮಾಡಿಸಿ: ಪ್ರತಿ ಕಾಲಮ್‌ನ ಹೆಸರು, ಅಳತೆಯ ಮಾನ, ಯಾವುದರಿಂದ ಯಾವುದರವರೆಗಿನ ಸಂಖ್ಯೆ ಸರಿ, ಖಾಲಿ ಇದ್ದರೆ ಏನು ಬರೆಯಬೇಕು. ಹಾಳೆ ಅವರೇ ಬರೀಲಿ, ನೀವು ಪ್ರಶ್ನೆ ಮಾತ್ರ ಕೇಳಿ. "ಈ ಕಾಲಮ್ ನಿನ್ನ ಪ್ರಶ್ನೆಗೆ ಏನು ಉತ್ತರ ಕೊಡುತ್ತೆ?" ಅಂದಾಗ ಅರ್ಧ ಕಾಲಮ್‌ಗಳು ತಾನಾಗೇ ಉದುರಿಹೋಗ್ತವೆ. ಎಪಿಡೇಟಾ ಅಂತ ಉಚಿತ ಸಾಫ್ಟ್‌ವೇರ್ ಇದೆ, ಸಾರ್ಟ್ ಇಟ್‌ನಲ್ಲೂ ಅದನ್ನೇ ಕಲಿಸ್ತಾರೆ. ವಯಸ್ಸು 450 ಅಂತ ಹೊಡೆದರೆ ಒಪ್ಪದ ಹಾಗೆ ಇಡಬಹುದು. ಒಂದೇ ಡೇಟಾವನ್ನು ಇಬ್ಬರು ಬೇರೆ ಬೇರೆಯಾಗಿ ತುಂಬಿ, ಎಲ್ಲಿ ತಾಳೆಯಾಗಲ್ಲ ಅಂತಲೂ ನೋಡಬಹುದು. ರೋಗಿಗಳ ಹೆಸರು, ಫೋನ್ ನಂಬರ್ ಇರುವ ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ತೆರೆಯಬೇಡಿ. ಹೆಸರು ತೆಗೆದು ಕ್ರಮಸಂಖ್ಯೆ ಹಾಕಿ ಮತ್ತೆ ಕಳಿಸು ಅನ್ನಿ.

ನಮಗೆ ಗೊತ್ತಿಲ್ಲದ್ದೂ ಇದೆ. ಯಾವ ಪರೀಕ್ಷೆ ಯಾವ ರೋಗಿಗೆ ಅರ್ಥಪೂರ್ಣ ಅನ್ನೋದು ಗೈಡ್ ಹೇಳಬೇಕು. ಸ್ಯಾಂಪಲ್ ಸೈಜ್‌ಗೆ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿರುವ ಸಂಖ್ಯಾಶಾಸ್ತ್ರಜ್ಞರ ಬಾಗಿಲು ತಟ್ಟಬೇಕು, ಅದೂ ಮೊದಲ ವರ್ಷದಲ್ಲೇ.

ಮಾತಿನ ಕೊನೆಗೆ ಒಬ್ಬರು ಕಾಮೆಂಟ್‌ನಲ್ಲಿ ಕೇಳಿದ್ದರು: ಇಷ್ಟೆಲ್ಲ ಮಾಡಿದರೆ ಪೇಪರಿನಲ್ಲಿ ನಮ್ಮ ಹೆಸರು ಬರುತ್ತಾ? ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮದ ಪ್ರಕಾರ ಲೇಖಕ ಅನಿಸಿಕೊಳ್ಳೋಕೆ ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರವಣಿಗೆಯಲ್ಲಿ ಅಥವಾ ಅದರ ತಿದ್ದುಪಡಿಯಲ್ಲಿ ಭಾಗಿಯಾಗಿರಬೇಕು, ಕೊನೆಯ ರೂಪ ಒಪ್ಪಿರಬೇಕು, ಅದರಲ್ಲಿರೋದಕ್ಕೆಲ್ಲ ಜವಾಬ್ದಾರಿ ಹೊರಬೇಕು. ನಾಲ್ಕೂ ಸೇರಿ. ಎಕ್ಸೆಲ್ ಶುದ್ಧ ಮಾಡಿದ್ದಕ್ಕೆ ಸಿಗೋದು ಕೃತಜ್ಞತೆಯ ಪುಟದಲ್ಲಿ ಒಂದು ಸಾಲು.