ಹಾಲಿಹಿಲ್‌ನ ಕಿಟಕಿಯಲ್ಲಿ ಸೀತಾಳೆಯ ನೆಂಟ

ಮುಂಗಾರು ಹತ್ತಿರವಾದಾಗ ಮಲೆನಾಡಿನ ಮರಗಳ ಮೇಲೆ ಸೀತಾಳೆ ದಂಡೆ ಅರಳುತ್ತದೆ. ವನವಾಸದಲ್ಲಿ ಸೀತೆ ಮುಡಿದ ಹೂವೆಂಬ ನಂಬಿಕೆಯಿಂದ ಈ ಹೆಸರು. ಊರಿಗೆ ಹೋದ ನಮಗೆ ಅದರ ಒಂದು ಬುಡವನ್ನು ಕಾರ್ಕ್‌ಗೆ ತರುವ ಆಸೆಯಾಗುವುದು ಸಹಜ. ಆದರೆ ತರಬಾರದು. ಆರ್ಕಿಡ್ ಕುಟುಂಬವಿಡೀ ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಯಲ್ಲಿದೆ. ಐರೋಪ್ಯ ಒಕ್ಕೂಟದೊಳಗೆ ಗಿಡ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು.

ಬೇರೆ ದಾರಿಯಿದೆ: ಸೀತಾಳೆಯ ನೆಂಟನನ್ನು ಬೆಳೆಸುವುದು. ‘ಲೂ ಸ್ನೀರಿ’ ಎಂಬ ಮಿಶ್ರತಳಿ ಸೂಪರ್‌ಮಾರ್ಕೆಟ್ಟಿನಲ್ಲಿ ಕಾಣುವುದು ಅಪರೂಪ. ಆರ್ಕಿಡ್ ನರ್ಸರಿಗಳಲ್ಲಿ ಹುಡುಕಬೇಕು. ಅದರ ಒಂದು ಮೂಲ ಜಪಾನ್, ಕೊರಿಯಾಗಳ ಸುವಾಸನೆಯ ಪುಟ್ಟ ಆರ್ಕಿಡ್ ವಾಂಡಾ ಫಾಲ್ಕೇಟಾ. ಇನ್ನೊಂದು ಥಾಯ್ಲೆಂಡ್ ಕಡೆಯ ರಿಂಕೋಸ್ಟೈಲಿಸ್ ಸೀಲೆಸ್ಟಿಸ್. ನಮ್ಮ ಸೀತಾಳೆಯೂ ರಿಂಕೋಸ್ಟೈಲಿಸ್ ಕುಲದ್ದೇ. ನರ್ಸರಿಯಲ್ಲಿ ಬೆಳೆಸಿದ ಗಿಡವಾದ್ದರಿಂದ ಕಾಡಿಗೆ ನಷ್ಟವಿಲ್ಲ. ಆರ್ಕಿಡ್‌ಗಳನ್ನು ಬೀಜದಿಂದ ಬೆಳೆಸಿ ಹೂ ಬಿಡಿಸಿದ ಮೊದಲಿಗರಲ್ಲಿ ಡಬ್ಲಿನ್‌ನ ಗ್ಲಾಸ್ನೆವಿನ್ ಸಸ್ಯೋದ್ಯಾನದ ಡೇವಿಡ್ ಮೂರ್ ಒಬ್ಬರು. ಅವರು ಅದನ್ನು ವರದಿ ಮಾಡಿದ್ದು 1849ರಲ್ಲಿ.

ಇಲ್ಲಿನ ಮುಖ್ಯ ತೊಂದರೆ ಚಳಿಯಲ್ಲ, ಬೆಳಕು. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಹೆಚ್ಚು. ಕಾರ್ಕ್‌ನಲ್ಲಿ ಡಿಸೆಂಬರಿನ ಹಗಲು 8 ಗಂಟೆಯೂ ಇಲ್ಲ. ಹಾಗಾಗಿ ದಕ್ಷಿಣದ ಕಿಟಕಿಯೇ ಬೇಕು. ಬೇಸಿಗೆಯ ಮಧ್ಯಾಹ್ನ ಮಾತ್ರ ತೆಳು ಪರದೆ ಎಳೆಯಿರಿ.

ಬೆಳಕು ಕಡಿಮೆಯಾದಾಗ ಗಿಡ ಕುಡಿಯುವ ನೀರೂ ಕಡಿಮೆ. ಎಷ್ಟು ಹಾಕಬೇಕೆಂದು ಬೇರೇ ಹೇಳುತ್ತದೆ: ಒಣಗಿದಾಗ ಬೆಳ್ಳಿ ಬಣ್ಣ, ನೆನೆದಾಗ ಹಸಿರು. ಬೇರು ಬೆಳ್ಳಗಾದ ಮೇಲೆ ಬೆಳಿಗ್ಗೆ ಮಳೆನೀರು ಹಾಕಿ. ಸಂಜೆಯೊಳಗೆ ಬೇರು ಒಣಗಬೇಕು. ಮಣ್ಣು ಬೇಡ. ಮರದ ಮೇಲೆ ಬದುಕುವ ಜಾತಿ, ಬೇರಿಗೆ ಗಾಳಿ ಬೇಕು. ತೂತುಗಳಿರುವ ಕುಂಡ, ದಪ್ಪ ತೊಗಟೆ ಚೂರು ಸಾಕು. ಎಲೆಗಳ ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ, ಬಟ್ಟೆಯಿಂದ ಒರೆಸಿ. ಕಿಟಕಿಯ ಕೆಳಗೆ ರೇಡಿಯೇಟರ್ ಇದ್ದರೆ ಒಣ ಬಿಸಿಗಾಳಿ ತಾಗದಂತೆ ಪಕ್ಕಕ್ಕೆ ಸರಿಸಿ. ಗೊಬ್ಬರ ವಸಂತದಿಂದ ಶರತ್ಕಾಲದವರೆಗೆ ಮಾತ್ರ, ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗ.

ತಿಳಿನೀಲಿ ಹೂ ಅರಳಿ ಮನೆ ಘಮಘಮಿಸಿದ ದಿನ ಮಕ್ಕಳಿಗೆ ಸೀತಾಳೆಯ ಕಥೆ ಹೇಳಿ. ಊರಿನ ಮರದ ಮೇಲಿರುವುದು ಅಲ್ಲೇ ಇರಲಿ; ರಜೆಯಲ್ಲಿ ಹೋದಾಗ ಅವರೇ ಕತ್ತೆತ್ತಿ ನೋಡಲಿ.